ಹೊರಗಿನ ಆಟಗಾರ

ಸೂಪರ್ ಮಾರ್ಕೆಟ್ಟಿನ ಆಟದ ಸಾಮಾನಿನ ಅಂಗಡಿಯಲ್ಲಿ ಬಿಳಿ ಸ್ಟಾಕಿಂಗ್ಸ್ ಕೇಳಿದಾಗ ಅಂಗಡಿಯವನು ಪ್ರೇಮಕುಮಾರನನ್ನು ಹೊಟ್ಟೆಯಿಂದ ನೆತ್ತಿಯ ತನಕ ಒಮ್ಮೆ ನೋಡಿ, “ಹುಡುಗ ಯಾವ ಕ್ಲಾಸಿನ್ಯಾಗ ಅದಾನ್ರೀ?” ಎಂದು ಕೇಳಿದ. “ಎಂಟನೇದು,” ಅಂದುಬಿಟ್ಟ ಪ್ರೇಮಕುಮಾರ. ಅವನಿಗೆ ಮಕ್ಕಳೇ ಇರಲಿಲ್ಲ. ಅಂಗಡಿಯವನು ಸ್ಟೂಲು ಹತ್ತಿ ಒಂದು ಸಣ್ಣ ಜೊತೆ ತೆಗೆದು, ಎರಡೂ ಕೈಯಿಂದ ಜಗ್ಗಿ ತೋರಿಸಿ, “ಭಾಳ ದಿನ ಬರ್ತಾವ್ರೀ ಇವು, ಹುಡುಗ ಬೆಳದ್ರೂ ನಡೀತದ,” ಅಂದ. ದೊಡ್ಡದು ಕೊಡಿ ಎಂದು ಈಗ ಹೇಗೆ ಹೇಳುವುದು ಎಂದು ಅವನು ಯೋಚಿಸುತ್ತಿರುವಾಗಲೇ ಅದು ಚೀಲ ಸೇರಿತು. “ಛಲೋ ಆಡ್ತಾನೇನ್ರೀ?” ಎಂದು ಅಂಗಡಿಯವನು ಮಾತಿಗೆ ಕೇಳಿದ. “ಸುಮಾರು,” ಅಂದ ಪ್ರೇಮಕುಮಾರ. ಇಷ್ಟು ಹೊತ್ತಿನಲ್ಲಿ ಅವನು ಆಡಿದ ಮೊದಲ ನಿಜ ಅದು.

ಮೆಟ್ಟಿಲಿಳಿದು ಆಟೋಗಳ ನಡುವೆ ದಾರಿ ಮಾಡಿಕೊಳ್ಳುತ್ತ, ಇದೆಂಥ ಸುಳ್ಳು ಎಂದು ತನ್ನನ್ನೇ ಕೇಳಿಕೊಂಡ. ಮೂವತ್ನಾಲ್ಕು ವರ್ಷದವನು ಸ್ಟಾಕಿಂಗ್ಸ್ ಕೊಳ್ಳುವುದು ಕಳ್ಳತನವೇನಲ್ಲ. ಕಾಲೇಜು ಬಿಟ್ಟಾಗಿನಿಂದ ಅವನು ಚೆಂಡು ಒದ್ದೇ ಅನ್ನ ತಿಂದಿದ್ದ. ಬೆಂಗಳೂರಿನ ಲೀಗಿನಲ್ಲಿ, ಗೋವಾದಲ್ಲಿ, ಕೇರಳದಲ್ಲಿ, ಕೋಲ್ಕತ್ತದ ಕೆಳಗಿನ ಡಿವಿಜನ್ನಿನಲ್ಲಿ, ಒಂದು ಚಳಿಗಾಲ ಶಿಲ್ಲಾಂಗಿನಲ್ಲಿ. ಯಾವ ಕ್ಲಬ್ಬೂ ಅವನನ್ನು ಎರಡು ಸೀಸನ್ನಿಗಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ, ಯಾವ ಕ್ಲಬ್ಬೂ ಬೈದು ಕಳಿಸಲೂ ಇಲ್ಲ. ಅವನು ಸ್ಟಾಪರ್, ಅಂದರೆ ತಮ್ಮ ಗೋಲಿನ ಮುಂದೆ ನಿಂತು ಎದುರಿನವರು ಬರದಂತೆ ನೋಡಿಕೊಳ್ಳುವವನು. ಅಂಥವನೊಬ್ಬನ ಮೊಣಕಾಲು ಮುರಿದರೆ ಸೀಸನ್ನಿನ ನಡುವೆ ಇನ್ನೊಬ್ಬ ಬೇಕಾಗುತ್ತದೆ. ಆ ಇನ್ನೊಬ್ಬ ಪ್ರೇಮಕುಮಾರ. ಒಂದು ಚೀಲ ಹಿಡಿದು ಹೋಗುತ್ತಿದ್ದ, ಮೊದಲ ದಿನ ನಲ್ಲಿ ಎಲ್ಲಿದೆ ಎಂದು ಕೇಳುತ್ತಿದ್ದ, ಎರಡನೆಯ ದಿನದಿಂದ ಆ ಊರಿನ ಭಾಷೆಯಲ್ಲಿ ‘ಬಿಡು’, ‘ನನ್ನದು’, ‘ಹಿಂದೆ ನೋಡು’ ಎಂದು ಕೂಗುತ್ತಿದ್ದ. ಐದು ಭಾಷೆಗಳಲ್ಲಿ ಅವನಿಗೆ ಈ ಮೂರು ಮಾತು ಬರುತ್ತಿದ್ದವು, ನಾಲ್ಕನೆಯದು ಬರುತ್ತಿರಲಿಲ್ಲ. ರೈಲಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿ ಅವನು ಫುಟ್‌ಬಾಲ್ ಅಂದರೆ, ಅದು ಸರಿ, ಕೆಲಸ ಏನು ಎಂದು ಮತ್ತೆ ಕೇಳುತ್ತಿದ್ದರು. ಆಮೇಲಾಮೇಲೆ ಅವನೇ ಬ್ಯಾಂಕು ಎಂದು ಹೇಳಿ ಕಿಟಕಿಗೆ ಮುಖ ಮಾಡುತ್ತಿದ್ದ. ಈ ಮಾರ್ಚಿನಲ್ಲಿ ಕೊನೆಯ ಕ್ಲಬ್ಬಿನ ಮ್ಯಾನೇಜರ್ ಮುಂದಿನ ಸೀಸನ್ನಿಗೆ ಫೋನ್ ಮಾಡುತ್ತೇವೆ ಅಂದ. ಮಾಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಕೈ ಕುಲುಕಿದರು. ಈಗ ಕಲಬುರಗಿಯಲ್ಲಿ, ನರ್ಸ್ ಕೆಲಸ ಮಾಡುವ ಹೆಂಡತಿ ಗೌತಮಿಯ ಬಾಡಿಗೆ ಮನೆಯಲ್ಲಿ, ಜೂನಿನಿಂದ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಒಪ್ಪಿಕೊಂಡು, ಅಲ್ಲಿಯ ತನಕ ಮಧ್ಯಾಹ್ನ ಕೂಲರ್ ಮುಂದೆ ಮಲಗುತ್ತಿದ್ದ. ನಿದ್ದೆ ಚೆನ್ನಾಗಿ ಬರುತ್ತಿತ್ತು. ಇಷ್ಟು ಚೆನ್ನಾಗಿ ಬರಬಾರದಿತ್ತೇನೋ ಎಂದು ಎದ್ದಾಗ ಅನಿಸುತ್ತಿತ್ತು.

ಉಳಿದದ್ದು ಒಂದೇ. ಅವನ ತಾಯಿ ರಮಾಬಾಯಿ ಅವನು ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಹಾಸ್ಟೆಲಿನಲ್ಲಿದ್ದು ಓದುವಾಗ ಅವನು ಆಡುತ್ತಿದ್ದುದು ಕಲಬುರಗಿಯಲ್ಲಿ, ಅವಳು ಕೂಲಿಗೆ ಹೋಗುತ್ತಿದ್ದುದು ಕಮಲಾಪುರದ ಬಾಳೆ ತೋಟಗಳಿಗೆ. ಆಮೇಲೆ ಅವನು ಆಡಿದ ಊರುಗಳಿಗೆ ಹೋಗಿ ಬರಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ಅವನು ಕರೆದೂ ಇರಲಿಲ್ಲ. ಒಮ್ಮೆ ಗೋವಾದ ಪಂದ್ಯ ಟಿವಿಯಲ್ಲಿ ಬಂತು. ಓಣಿಯವರೆಲ್ಲ ಅವಳ ಮನೆಯಲ್ಲಿ ಕೂತು ನೋಡಿದರು. ಪಂದ್ಯದ ಉದ್ದಕ್ಕೂ ಪ್ರೇಮಕುಮಾರ ಬದಲಿ ಆಟಗಾರರ ಬೆಂಚಿನ ಮೇಲಿದ್ದ; ಕ್ಯಾಮೆರಾ ಒಂದು ಸಲ ಆ ಕಡೆ ಹೊರಳಿದಾಗ ಅವನು ನೀರಿನ ಬಾಟಲಿಯ ಮುಚ್ಚಳ ತಿರುವುತ್ತಿದ್ದ. ಅವನು ಫೋನ್ ಮಾಡಿದಾಗ ತಾಯಿ, “ಕಂಡೆಪ. ನೆರಳಾಗ ಕುಂತಿದ್ದಿ. ಛಲೋ ಆತು,” ಅಂದಳು. ಅದರಲ್ಲಿ ಚೇಷ್ಟೆ ಇರಲಿಲ್ಲ. ಬಿಸಿಲಲ್ಲಿ ದುಡಿದವಳಿಗೆ ಮಗ ನೆರಳಲ್ಲಿ ಕೂತು ಸಂಬಳ ತೆಗೆದುಕೊಳ್ಳುತ್ತಾನೆಂಬುದು ನಿಜಕ್ಕೂ ಸಮಾಧಾನ ಕೊಟ್ಟಿತ್ತು. ಆ ಮಾತು ಅವನ ಕಿವಿಯಿಂದ ಹೋಗಲಿಲ್ಲ. ಅವಳ ತಲೆಯಲ್ಲಿ ತನ್ನ ಇಡೀ ಬದುಕು ಒಂದು ಬೆಂಚಿನ ಮೇಲೆ ಕೂತಿದೆ ಎಂದು ಅನಿಸಿದಾಗೆಲ್ಲ ಅವನಿಗೆ ಯಾರ ಮೇಲೋ ಸಿಟ್ಟು ಬರುತ್ತಿತ್ತು. ಇವತ್ತು ಸಂಜೆ ಕಮಲಾಪುರದಲ್ಲಿ ಏಪ್ರಿಲ್ ಹದಿನಾಲ್ಕರ ಜಯಂತಿಯ ಟೂರ್ನಮೆಂಟಿನ ಸೆಮಿಫೈನಲ್. ಗೌತಮಿ ಬೆಳಿಗ್ಗೆಯೇ ಡ್ಯೂಟಿ ಮುಗಿಸಿ ಬಸ್ಸಿಗೆ ಹೋಗಿದ್ದಳು, ಅತ್ತೆಯನ್ನು ಮೈದಾನಕ್ಕೆ ಕರೆತರಲು. ಒಂದು ಸಲ, ಒಂದೇ ಸಲ ತಾಯಿ ನೋಡಬೇಕು. ನೋಡಿದ ಮೇಲೆ ಕೂಲರ್ ಮುಂದೆ ಮಲಗಬಹುದು.

ಕಪನೂರಿನ ಲೇತ್ ವರ್ಕ್‌ಶಾಪಿನ ಮುಂದೆ ಬುರ್ಹಾನುದ್ದೀನ್ ತನ್ನ ಟೆಂಪೋಗೆ ಹುಡುಗರನ್ನು ಹತ್ತಿಸುತ್ತಿದ್ದ. ವರ್ಕ್‌ಶಾಪು ಅವನದು, ಟೆಂಪೋ ಅವನದು, ಕಪನೂರಿನ ಕಾರ್ಖಾನೆಗಳ ಹುಡುಗರನ್ನು ಕೂಡಿಸಿ ಮಾಡಿದ ತಂಡವೂ ಅವನದು. ಚೀಲ ಇಣುಕಿ ನೋಡಿ, “ಅರೇ ಪ್ರೇಮ್ ಭಾಯ್, ಇದು ನನ್ನ ಸಣ್ಣ ಮಗಳಿಗಿ ಬರ್ತದ,” ಅಂದ.

“ಜಗ್ಗಿದ್ರ ಆಗ್ತದ.”

“ಆಗ್ಲಿ ತಗೋ, ಟೆನ್ಷನ್ ನಕ್ಕೋ. ನಿನ್ನ ಕಾಲು ಯಾರು ನೋಡ್ತಾರ. ಒಂದ್ ಮಾತ್ ಕೇಳ್ಲೇನು? ಎದುರಿಗಿ ನಿನ್ನ ತಮ್ಮ ಅದಾನ. ದಿಲ್ ಗಟ್ಟಿ ಅದ ಇಲ್ಲೋ?”

“ಅಂವ ಅಲ್ಲಿ ಒಂಬತ್ತನೇ ನಂಬರ್, ಅಷ್ಟೇ.”

“ಹಂಗ ಹೇಳು,” ಎಂದು ಬುರ್ಹಾನುದ್ದೀನ್ ಅವನನ್ನು ಮುಂದಿನ ಸೀಟಿಗೆ ಹತ್ತಿಸಿದ. ಹುಡುಗರು ಹಿಂದೆ ನಿಂತಿದ್ದರು. ಮುಂದಿನ ಸೀಟು ಸಿಕ್ಕಿದ್ದು ವಯಸ್ಸಿಗೋ ಮರ್ಯಾದೆಗೋ ಎಂಬುದನ್ನು ಯೋಚಿಸಬಾರದೆಂದುಕೊಂಡ.

ಅವನು ಆಡಬೇಕಿದ್ದದ್ದು ಕಮಲಾಪುರಕ್ಕೆ. ಹುಟ್ಟಿದ ಊರು, ತಮ್ಮ ಸುಧಾಕರನೇ ಅಲ್ಲಿನ ಕ್ಯಾಪ್ಟನ್. ಆದರೆ ಟೂರ್ನಮೆಂಟಿನಲ್ಲಿ ಒಂದು ತಂಡಕ್ಕೆ ಇಬ್ಬರೇ ಹೊರಗಿನವರು. ಕಮಲಾಪುರ ಆಗಲೇ ಹೈದರಾಬಾದಿನ ಒಬ್ಬನನ್ನೂ ಸೊಲ್ಲಾಪುರದ ಒಬ್ಬನನ್ನೂ ಗೊತ್ತುಮಾಡಿತ್ತು. ಹೋದ ವಾರ ಸಮುದಾಯ ಭವನದಲ್ಲಿ ಕಮಿಟಿ ಕೂತಾಗ ಪ್ರೇಮಕುಮಾರ ಗೋಡೆಗೆ ಒರಗಿ ನಗುತ್ತ ನಿಂತಿದ್ದ. ತನ್ನ ಊರಿನಲ್ಲಿ ತಾನು ಯಾರು ಎಂಬುದು ಚರ್ಚೆಯ ವಿಷಯವೇ ಅಲ್ಲ ಎಂದುಕೊಂಡಿದ್ದ. ಕಮಿಟಿಯ ಹಿರಿಯ ಸೂರ್ಯಕಾಂತ, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು, ಕನ್ನಡಕ ಒರೆಸುತ್ತ, “ಹ್ವಾದ ವರ್ಷ ಜಯಂತಿಗಿ ಎಲ್ಲಿದ್ದೆಪ?” ಎಂದು ಕೇಳಿದ.

“ಕೋಲ್ಕತ್ತಾದಾಗ್ರಿ ಕಾಕಾ.”

“ಅದರ ಹಿಂದಿನ ವರ್ಷ?”

“ಕೇರಳದಾಗ.”

“ಮೆರವಣಿಗಿ ಹಗ್ಗ ಹಿಡದೀಯೇನು? ಪರಪರಿ ತೋರಣ ಕಟ್ಟೀಯೇನು? ಒಂದ್ ಪಂಕ್ತಿಗಾದ್ರೂ ಅನ್ನ ನೀಡೀಯೇನು?”

ಇದು ಕಮಲಾಪುರದ ಕಾಯ್ದೆ. ಹಿಂದೊಮ್ಮೆ ಯಾವುದೋ ತಂಡ ಹೈದರಾಬಾದಿನ ಆಟಗಾರನನ್ನು ನಮ್ಮ ಅಕ್ಕನ ಮಗ ಎಂದು ಹೇಳಿ ಇಳಿಸಿದ ಮೇಲೆ ಮಾಡಿದ್ದು. ಎಲ್ಲಿ ಹುಟ್ಟಿದ, ಯಾರ ಮಗ ಎಂಬುದನ್ನು ಕಮಿಟಿ ಕೇಳುವುದಿಲ್ಲ. ಹಿಂದಿನ ಜಯಂತಿಗೆ ಕೈಯಿಂದ ಏನಾದರೂ ಕೆಲಸ ಮಾಡಿದವನು ಊರಿನವನು, ಉಳಿದವರು ಹೊರಗಿನವರು. ಏಪ್ರಿಲ್ ಎಂದರೆ ಲೀಗುಗಳ ಕೊನೆಯ ಪಂದ್ಯಗಳ ತಿಂಗಳು. ಹೊರಗೆ ಆಡಲು ಹೋದಾಗಿನಿಂದ ಪ್ರೇಮಕುಮಾರ ಒಂದು ಜಯಂತಿಗೂ ಊರಿನಲ್ಲಿರಲಿಲ್ಲ. “ನೀ ನಮ್ಮ ಮಗಾನೇ. ಅದರಾಗ ಏನಿಲ್ಲ. ಆದ್ರ ಹೊರಗಿನಾಂವ,” ಎಂದು ಸೂರ್ಯಕಾಂತ ಕನ್ನಡಕ ಹಾಕಿಕೊಂಡ. ಎಲ್ಲರೂ ಸುಧಾಕರನನ್ನು ನೋಡಿದರು. ಕ್ಯಾಪ್ಟನ್ ಒಂದು ಮಾತು ಹೇಳಿದ್ದರೆ ಸೊಲ್ಲಾಪುರದವನನ್ನು ಬಿಡಬಹುದಿತ್ತು. ಸುಧಾಕರ ಅಂಗೈಗೆ ಹತ್ತಿದ್ದ ಬಾಳೆಯ ಕರಿ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಪ್ರೇಮಕುಮಾರನ ಮುಖದ ಮೇಲಿನ ನಗುವಿಗೆ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ, ಅಲ್ಲೇ ಉಳಿಯಿತು. ಮಾರನೆಯ ದಿನ ಸುದ್ದಿ ಹೇಗೋ ಕಪನೂರು ಮುಟ್ಟಿ ಬುರ್ಹಾನುದ್ದೀನ್ ಫೋನ್ ಮಾಡಿದ. ನಮ್ಮಲ್ಲಿ ಒಂದು ಜಾಗ ಖಾಲಿ ಇದೆ ಅಂದ. ಯಾರು ಕರೆದರೂ ಹೋಗುವುದು ಅವನ ರೂಢಿ, ಹ್ಞೂಂ ಅಂದುಬಿಟ್ಟಿದ್ದ.

ಟೆಂಪೋ ಹುಮನಾಬಾದ್ ರಸ್ತೆ ಹಿಡಿದಿತ್ತು. ಕಿಟಕಿಯಿಂದ ಬರುವ ಗಾಳಿ ಒಲೆಯ ಮುಂದಿನ ಗಾಳಿಯಂತಿತ್ತು. ಎದುರಿನಿಂದ ಕೆಂಪು ಬಾಳೆಗೊನೆ ಹೇರಿಕೊಂಡು ಬರುವ ಗೂಡ್ಸ್ ಆಟೋಗಳನ್ನೆಲ್ಲ ಪ್ರೇಮಕುಮಾರ ತಮ್ಮನದೇ ಇರಬಹುದೆಂದು ನೋಡಿದ. ದಿನಾ ಬೆಳಗಾಗುವ ಮುಂಚೆ ಗೊನೆ ಹೇರಿಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋಗಿ, ಮಾರಿ, ಮಧ್ಯಾಹ್ನ ಬಂದು ಉಂಡು, ಸಂಜೆ ಚೆಂಡು ಒದೆಯುವವನು ಸುಧಾಕರ. ತಾಯಿಗೆ ಡೆಂಗಿ ಆದಾಗ ಹನ್ನೊಂದು ದಿನ ಆಸ್ಪತ್ರೆಯ ವರಾಂಡದಲ್ಲಿ ಮಲಗಿದವನು ಅವನು. ಆಗ ಪ್ರೇಮಕುಮಾರ ಶಿಲ್ಲಾಂಗಿನಲ್ಲಿದ್ದ; ಪಂದ್ಯವಿತ್ತು, ಬರಲಾಗಲಿಲ್ಲ ಎಂದು ಈಗಲೂ ಎಲ್ಲರಿಗೂ ಹೇಳುತ್ತಾನೆ. ಪಂದ್ಯವಿತ್ತು ನಿಜ. ಅವನು ಅದರಲ್ಲಿ ಆಡಲಿಲ್ಲ, ಬೆಂಚಿನ ಮೇಲಿದ್ದ. ಆ ದಿನ ಮಂಜು ಬಿದ್ದು ಮೈದಾನದ ಆ ತುದಿ ಕಾಣುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು, ತಾಯಿಯ ಪ್ಲೇಟ್‌ಲೆಟ್ ಎಷ್ಟಾಗಿದೆಯೋ ಎಂದುಕೊಳ್ಳುತ್ತಲೇ ನಮ್ಮ ಸ್ಟಾಪರನ ಕಾಲು ಉಳುಕಿದರೆ ನನ್ನನ್ನು ಇಳಿಸುತ್ತಾರೆ ಎಂದೂ ಯೋಚಿಸಿದ್ದ. ಎರಡೂ ಯೋಚನೆ ಒಂದಕ್ಕೊಂದು ಅಡ್ಡ ಬರದೆ ತಲೆಯಲ್ಲಿ ಇದ್ದವು. ಅದು ನೆನಪಾದಾಗ ಕಮಿಟಿಯಲ್ಲಿ ತಲೆ ಎತ್ತದೆ ಕೂತ ತಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ತನಗೆ ಎಷ್ಟಿದೆ ಎಂದು ಲೆಕ್ಕ ಸಿಗಲಿಲ್ಲ. ಸಿಟ್ಟು ಮಾತ್ರ ಇತ್ತು.

ಕಮಲಾಪುರದ ಮೈದಾನಕ್ಕೆ ಹೊಸದಾಗಿ ಮುರುಮು, ಹರಳು ಕೂಡಿದ ಗಟ್ಟಿ ಮಣ್ಣು, ಹಾಕಿದ್ದರು. ಸುತ್ತ ನೀಲಿ ಪರಪರಿ. ಒಂದು ಮೂಲೆಯಲ್ಲಿ ಪೆಂಡಾಲು, ಮೈಕು. ಮೈಕಿನ ಹಿಂದೆ ಸೂರ್ಯಕಾಂತ. ಎಡ ಬದಿಯಲ್ಲಿ ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು. ಗೌತಮಿ ಕೈ ಎತ್ತಿದಳು. ಪಕ್ಕದಲ್ಲಿ ತಾಯಿ, ತಲೆಯ ಮೇಲೆ ಸೆರಗು, ಕಾಲು ಚಾಚಿ, ಮದುವೆಗೆ ಬಂದವಳ ಹಾಗೆ ಕೂತಿದ್ದಳು. ಅವನು ಹತ್ತಿರ ಹೋದ.

“ಏನವ್ವ, ಬಿಸಿಲು ಭಾಳ ಆತೇನು?”

“ನಮಗೇನು. ಇದೇನಿದು, ಇಷ್ಟ್ ಸಣ್ಣ ಕಾಲಚೀಲ ಹಾಕ್ಕೊಂಡಿ?”

“ಅದೇ ಸಿಕ್ತು.”

ಗೌತಮಿ ಮೀನಖಂಡದ ನಡುವಿಗೇ ನಿಂತ ಸ್ಟಾಕಿಂಗ್ಸ್ ನೋಡಿ, “ರಕ್ತ ಆಡಂಗಿಲ್ರೀ ಕಾಲಿಗಿ. ಕತ್ತರಿ ಕೊಡ್ಲೇನು?” ಅಂದಳು. ಆಸ್ಪತ್ರೆಯ ದನಿಯಲ್ಲೇ ಅಂದಳು. ಬೇಡವೆಂದು ತಲೆಯಾಡಿಸಿದ. ತಾಯಿ ಅವನ ಎದೆಯ ಮೇಲಿನ ಕಪನೂರಿನ ಬಿಳಿ ಜರ್ಸಿಯನ್ನೂ, ಆಚೆ ನೀಲಿ ಜರ್ಸಿಯಲ್ಲಿ ಚೆಂಡು ಪುಟಿಸುತ್ತಿದ್ದ ಸುಧಾಕರನನ್ನೂ ನೋಡಿ, “ನೀವಿಬ್ರೂ ಬ್ಯಾರೆ ಬ್ಯಾರೆ ಕಡೆ ಆಡವ್ರೇನು?” ಎಂದು ಕೇಳಿದಳು. ಹೌದು ಅಂದ. “ಯಾಕ?” ಅಂದಳು. ಸೀಟಿ ಕೇಳಿತು, ಅವನು ಮೈದಾನಕ್ಕೆ ಇಳಿದ.

ಮೊದಲ ಅರ್ಧ ಅವನು ಚೆನ್ನಾಗಿ ಆಡಿದ. ಅದು ಅವನಿಗೇ ಗೊತ್ತಾಗುತ್ತಿತ್ತು. ಹೈದರಾಬಾದಿನವನು ವೇಗದವನು, ಆದರೆ ಬಲಗಾಲಿನವನು. ಅವನನ್ನು ಎಡಕ್ಕೆ ತಳ್ಳಿ ತಳ್ಳಿ ಮೈದಾನದ ಮೂಲೆಗೆ ಕಳಿಸುತ್ತಿದ್ದ. ಗಾಳಿಯಲ್ಲಿ ಬಂದ ಚೆಂಡುಗಳನ್ನೆಲ್ಲ ಹಣೆಯಿಂದ ಹೊರಗೆ ಹಾಕಿದ. ಒಂದು ಸಲ ಗೋಲಿನ ಗೆರೆಯ ಮೇಲಿಂದ ಚೆಂಡು ಒದ್ದು ಉಳಿಸಿದಾಗ ಸೂರ್ಯಕಾಂತ ಮೈಕಿನಲ್ಲಿ, “ಭಲೇ, ಇದು ನಮ್ಮ ಕಮಲಾಪುರದ ಮಣ್ಣಿನ ಮಗ,” ಎಂದು ಕೂಗಿದ. ಜನ ನಕ್ಕರು. ಕಮಲಾಪುರಕ್ಕೆ ಸಿಗಬೇಕಿದ್ದ ಗೋಲು ತಪ್ಪಿಸಿದ್ದಕ್ಕೆ ಕಮಲಾಪುರದವನೇ ಹೊಗಳುತ್ತಿದ್ದ. ಪ್ರೇಮಕುಮಾರ ಚಾಪೆಯ ಕಡೆ ನೋಡಿದ. ತಾಯಿ ಪಕ್ಕದವಳ ಕೈಯಿಂದ ಎಲೆಯಡಿಕೆ ತೆಗೆದುಕೊಳ್ಳುತ್ತಿದ್ದಳು. ಇನ್ನೊಂದು ಸಲ, ಸೊಲ್ಲಾಪುರದವನ ಕಾಲಿನಡಿಯಿಂದ ಚೆಂಡು ಸ್ವಚ್ಛವಾಗಿ ಕಸಿದುಕೊಂಡು ತಿರುಗಿದಾಗ ನೋಡಿದ. ಅವಳು ಹಿಂದೆ ತಿರುಗಿ ಯಾರಿಗೋ ಜಾಗ ಮಾಡಿಕೊಡುತ್ತಿದ್ದಳು. ಇಷ್ಟು ವರ್ಷ ಸಾವಿರಾರು ಜನರ ಮುಂದೆ ಒಮ್ಮೆಯೂ ಗ್ಯಾಲರಿ ನೋಡದವನು ಈಗ ಪ್ರತಿ ಚೆಂಡಿಗೂ ಒಂದು ಚಾಪೆ ನೋಡುತ್ತಿದ್ದ. ನಾಚಿಕೆಯಾಯಿತು, ಆದರೂ ನೋಡಿದ. ಸ್ಟಾಕಿಂಗ್ಸಿನ ಅಂಚು ಮೀನಖಂಡವನ್ನು ದಾರದಂತೆ ಬಿಗಿದಿತ್ತು. ಮಧ್ಯಂತರದಲ್ಲಿ ಬುರ್ಹಾನುದ್ದೀನ್ ಲಿಂಬೆ ನೀರು ಕೊಡುತ್ತ, “ಕಮಾಲ್ ಭಾಯ್. ಒಂದ್ ಗೋಲು ನಾವ್ ಹೊಡ್ಯಾಮು, ನೀ ಅದನ್ನ ಕಾಯಿ,” ಅಂದ. ಎರಡನೆಯ ಅರ್ಧದಲ್ಲಿ ಕಪನೂರಿನ ವೆಲ್ಡಿಂಗ್ ಹುಡುಗನೊಬ್ಬ ಚೆಂಡನ್ನು ಮೊಣಕಾಲಿಗೆ ಬಡಿಸಿಕೊಂಡೇ ಒಂದು ಗೋಲು ಹಾಕಿಯೂಬಿಟ್ಟ. ಆಮೇಲೆ ಕಾಯುವುದಷ್ಟೇ ಉಳಿಯಿತು. ಕಾಯುವುದು ಅವನ ಕಸುಬು. ಬಿಸಿಲಿಳಿದಿತ್ತು, ಧೂಳು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಒಂದು ಕ್ಷಣ, ತಾಯಿ ನೋಡಲಿ ಬಿಡಲಿ, ಇದು ಸಾಕು ಎಂದೂ ಅನಿಸಿತು.

ಆಗ ಸುಧಾಕರ ಬಂದ. ನಡುಗೆರೆಯ ಹತ್ತಿರ ಕಪನೂರಿನ ಹುಡುಗ ಚೆಂಡು ಕಳೆದುಕೊಂಡ, ಸೊಲ್ಲಾಪುರದವನು ಅದನ್ನು ಉದ್ದಕ್ಕೆ ಒದ್ದ, ಪ್ರೇಮಕುಮಾರ ತಿರುಗುವಷ್ಟರಲ್ಲಿ ಒಂಬತ್ತನೇ ನಂಬರಿನ ನೀಲಿ ಅಂಗಿ ಅವನ ಭುಜ ದಾಟಿತ್ತು. ಮುಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ. ಆಟ ಮುಗಿಯಲು ಹೆಚ್ಚು ಹೊತ್ತಿರಲಿಲ್ಲ. ಜನ ಎದ್ದುನಿಂತಿದ್ದರು. ಅವನು ಚಾಪೆಯ ಕಡೆ ನೋಡಲಿಲ್ಲ, ಆದರೆ ತಾಯಿ ಈಗ ನೋಡುತ್ತಿದ್ದಾಳೆ ಎಂಬುದು ಬೆನ್ನಿಗೆ ಗೊತ್ತಾಯಿತು. ಬಿಟ್ಟುಬಿಡಬಹುದಿತ್ತು. ಮೂವತ್ನಾಲ್ಕರ ಕಾಲು, ಹಿಡಿಯಲಾಗಲಿಲ್ಲ ಎಂದರೆ ಬುರ್ಹಾನುದ್ದೀನ್ ಕೂಡ ನಂಬುತ್ತಿದ್ದ. ತಮ್ಮ ಗೋಲು ಹಾಕುತ್ತಿದ್ದ, ತಾಯಿ ಚಪ್ಪಾಳೆ ಹೊಡೆಯುತ್ತಿದ್ದಳು. ಗೋವಾದಲ್ಲಿ ಮುದುಕ ಕೋಚ್ ಒಬ್ಬ ಅವನನ್ನು ಬಿಸಿಲಲ್ಲಿ ನಿಲ್ಲಿಸಿ ಹೇಳಿಕೊಟ್ಟಿದ್ದ: ಕಾಲಿಗೆ ಹೋಗಬೇಡ, ಅಂಗಿಗೆ ಹೋಗು, ಕಾಲು ಅವನ ಅನ್ನ, ಅಂಗಿ ಕ್ಲಬ್ಬಿನದು. ಪೆನಾಲ್ಟಿ ಗೆರೆಯ ಹೊರಗೇ ಜಗ್ಗು. ಜಗ್ಗಿದ ಮೇಲೆ ವಾದಿಸಬೇಡ. ಇವೆಲ್ಲ ಆ ಹೊತ್ತಿನಲ್ಲಿ ಅವನಿಗೆ ನೆನಪಾಯಿತು ಎಂದರೆ ಸುಳ್ಳು. ಏನೂ ನೆನಪಾಗಲಿಲ್ಲ. ಗೆರೆ ಎಷ್ಟು ದೂರ ಎಂದು ಕಣ್ಣು ನೋಡಿತು, ಕೈ ಮುಂದೆ ಹೋಯಿತು, ಬೆರಳಿಗೆ ಬಟ್ಟೆ ಸಿಕ್ಕಿತು, ಪರ್ರೆಂದಿತು, ಇಬ್ಬರೂ ಬಿದ್ದರು. ಬಾಯಿಯಲ್ಲಿ ಮುರುಮಿನ ಪುಡಿ. ಹಾಗೆ ಬಿದ್ದುಕೊಂಡೇ ಅವನು ತನ್ನೊಳಗೆ ಹುಡುಕಿದ, ಆ ಮೀಟಿಂಗಿನ ಸಿಟ್ಟು ಈ ಕೈಯಲ್ಲಿತ್ತೋ ಎಂದು. ಇರಲಿಲ್ಲ. ಸಿಟ್ಟೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಗೋಲಿನ ಕಡೆ ಓಡುವ ಒಬ್ಬನಿದ್ದ. ಬುರ್ಹಾನುದ್ದೀನನಿಗೆ ಜಂಬಕ್ಕೆ ಹೇಳಿದ ಮಾತು ನಿಜವಾಗಿಬಿಟ್ಟಿತ್ತು. ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅವನಿಗೆ ತಿಳಿಯಲಿಲ್ಲ.

ಎದ್ದು ಕೈ ಕೊಟ್ಟ. “ಪೆಟ್ಟಾತೇನು?”

ಸುಧಾಕರ ಕೈ ಹಿಡಿದು ಎದ್ದು, ಕಂಕುಳಿನಿಂದ ಸೊಂಟದ ತನಕ ಹರಿದುಹೋದ ಅಂಗಿಯನ್ನು ಎತ್ತಿ ನೋಡಿಕೊಂಡ. “ಹೊಸಾದಿತ್ತಲ್ಲೋ ಅಣ್ಣಾ,” ಅಂದ. ಹೇಳುತ್ತಲೇ ನಗು ಬಂತು ಅವನಿಗೆ. “ಜಗ್ಗತಿ ಅಂತ ಗೊತ್ತಿತ್ತು. ಟಿವಿಯಾಗ ನೋಡೀನಿ ನಿಮ್ಮಂಥವ್ರನ್ನ. ನೋಡಮು ಅಂತ ಓಡ್ದೆ.”

“ಅದಕ್ಕೇ ಕಮಿಟ್ಯಾಗ ಸುಮ್ನ ಕುಂತೀಯೇನು?”

“ನೀ ನಮ್ಮ ಕಡೆ ಆಡಿದ್ರ ನಿನ್ನ ಎದುರಿಗಿ ನಾ ಯಾವಾಗ ಆಡ್ಲಿ?” ಎಂದು ಸುಧಾಕರ ಮುರುಮು ಝಾಡಿಸಿಕೊಂಡ. ಅದನ್ನು ದೊಡ್ಡ ಗುಟ್ಟೆಂಬಂತೆ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಸೀಟು ಯಾಕೆ ಹಿಡಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ.

ರೆಫರಿ, ಯಾವುದೋ ಹೈಸ್ಕೂಲಿನ ಪಿ.ಟಿ. ಮಾಸ್ತರ, ಓಡಿ ಬಂದು ಏದುಸಿರು ಬಿಡುತ್ತ ಕೆಂಪು ಕಾರ್ಡು ತೆಗೆದ. ಕೊನೆಯ ಆಳಾಗಿ ಜಗ್ಗಿದರೆ ಅದೇ ಶಿಕ್ಷೆ. ಪ್ರೇಮಕುಮಾರ ತಲೆಯಾಡಿಸಿ ನಡೆದ. ಮೈಕು ಸುಮ್ಮನಿರಲಿಲ್ಲ: “ಕಪನೂರು ತಂಡದ ಹೊರಗಿನ ಆಟಗಾರರಿಗೆ ರೆಡ್ ಕಾರ್ಡ್. ಹೊರಗಿನ ಆಟಗಾರರು ಮೈದಾನ ಬಿಟ್ಟು ಹೋಗಬೇಕಂತ ವಿನಂತಿ.” ಯಾರೋ ಶಿಳ್ಳೆ ಹಾಕಿದರು. “ಸ್ವಂತ ತಮ್ಮಗ ಬಿಡಲಿಲ್ಲಲೇ ಇಂವ, ಆಸ್ತಿ ಪಾಲು ಮಾಡುವಾಗ ಹೆಂಗಿರಬ್ಯಾಡ,” ಎಂದು ಒಂದು ದನಿ, ಅದಕ್ಕೆ ಇನ್ನೊಂದು, “ಪಾಲು ಮಾಡ್ಲಿಕ್ಕಿ ಏನದಲೇ ಅವ್ರಿಗಿ, ಒಂದು ಆಟೋ.” ನಗು. ಅವನು ಕಪನೂರಿನ ಟೆಂಪೋ ನಿಂತ ಕಡೆ ಹೋಗಬೇಕಿತ್ತು. ಕಾಲು ಚಾಪೆಯ ಕಡೆ ಹೋದವು. ಅವಳು ಒಂದೇ ಸಲ ನೋಡಲಿ ಎಂದು ಬಯಸಿದ್ದ, ನೋಡಿದ್ದಾಳೆ: ಒಬ್ಬ ಮಗ ಇನ್ನೊಬ್ಬನ ಅಂಗಿ ಹರಿದು ಮಣ್ಣಿಗೆ ಕೆಡವಿದ್ದನ್ನು. ಬೆಂಚಿನ ಮೇಲೆ ಕೂತದ್ದೇ ಎಷ್ಟೋ ಮರ್ಯಾದೆಯಾಗಿತ್ತು.

ಗೌತಮಿ ಸರಿದು ಜಾಗ ಮಾಡಿದಳು. ಅವನು ಕೂತು ಸ್ಟಾಕಿಂಗ್ಸ್ ಕೆಳಗೆ ಸರಿಸಿದ. ಮೀನಖಂಡದ ಸುತ್ತ ಕೆಂಪು ಗೆರೆ ಎದ್ದಿತ್ತು. ತಾಯಿ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಯಾಕ ಜಗ್ಗಿದಿ ಅವನ್ನ?”

“ಗೋಲಾಗತಿತ್ತವ್ವ.”

“ಆದ್ರ?”

“ಆಗಗೊಡಬಾರದು. ಅದೇ ನನ್ನ ಕೆಲಸ.”

“ಇಷ್ಟು ವರ್ಷ ಹೊರಗ ಹೋಗಿ ಇದೇ ಮಾಡ್ದೇನು?”

“ಇದೇ.”

ಅವಳು ಎಲೆಯಡಿಕೆ ಜಗಿಯುತ್ತ ಮೈದಾನ ನೋಡಿದಳು. ಅಲ್ಲಿ ಫ್ರೀ ಕಿಕ್ಕಿಗೆ ತಯಾರಿ ನಡೆದಿತ್ತು. ಕಪನೂರಿನ ಹುಡುಗರು ಗೋಡೆಯಂತೆ ಸಾಲಾಗಿ ನಿಲ್ಲುತ್ತಿದ್ದರು, ಪಿ.ಟಿ. ಮಾಸ್ತರ ಅವರನ್ನು ಹಿಂದೆ ತಳ್ಳುತ್ತಿದ್ದ, ಅವರು ಮುಂದೆ ಬರುತ್ತಿದ್ದರು. ಸುಧಾಕರ ಹರಿದ ಅಂಗಿಯ ತುದಿಯನ್ನು ಗಂಟು ಹಾಕಿಕೊಂಡು ಚೆಂಡಿನ ಹಿಂದೆ ನಿಂತಿದ್ದ. ಗೋಡೆ ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತಿದೆ, ಬಲಗಡೆ ಕಂಡಿಯಿದೆ ಎಂದು ಪ್ರೇಮಕುಮಾರನಿಗೆ ಕಂಡಿತು. ಎದ್ದು ಕೂಗಬೇಕು. ಬಾಯಿ ತೆರೆದ.

“ಎಲ್ಲಾರೂ ಓಡಾಕತ್ತಿದ್ರು,” ಅಂದಳು ತಾಯಿ. “ನೀ ಒಬ್ಬಾಂವ ಅಡ್ಡಾಡಾಕತ್ತಿದ್ದಿ. ಹೊಲದಾಗ ಮೇಸ್ತ್ರಿ ಅಡ್ಡಾಡಿದಂಗ.”

ಅವನಿಗೆ ಚುರುಕ್ ಅಂದಿತು. “ವಯಸ್ಸಾತವ್ವ.”

“ಅದಲ್ಲೋ. ನೀ ಓಡಲಿಲ್ಲ. ಆದ್ರ ಚೆಂಡು ನೀ ಇದ್ದಲ್ಲೇ ಬರತಿತ್ತು. ನಾ ನೋಡ್ದೆ. ನೀ ಸುಮ್ನ ಹೋಗಿ ಒಂದ್ ಕಡೆ ನಿಂದರತಿದ್ದಿ, ಆಮ್ಯಾಲ ಅದು ಅಲ್ಲಿಗೇ ಬರತಿತ್ತು. ಅದ್ಹ್ಯಾಂಗ?”

ಪ್ರೇಮಕುಮಾರ ಬಾಯಿ ಮುಚ್ಚಿದ. ಎಲೆಯಡಿಕೆ ತೆಗೆದುಕೊಳ್ಳುತ್ತ, ಹಿಂದೆ ತಿರುಗುತ್ತ, ಜಾಗ ಮಾಡಿಕೊಡುತ್ತ ಅವಳು ಅದನ್ನು ಯಾವಾಗ ನೋಡಿದಳು? ಹತ್ತಾರು ಕೋಚ್‌ಗಳು ಕಿರುಚಿ ಕಿರುಚಿ ಅವನಿಗೆ ಕಲಿಸಿದ್ದು ಅದೊಂದೇ, ಓಡದಿರುವುದು. ಅವನ ಆಟದಲ್ಲಿ ಒಳ್ಳೆಯದೆಂದು ಇದ್ದದ್ದೂ ಅದೊಂದೇ, ಮತ್ತು ಅದು ಯಾರ ಕಣ್ಣಿಗೂ ಬೀಳುವಂಥದ್ದಾಗಿರಲಿಲ್ಲ. ಒಬ್ಬ ಪತ್ರಕರ್ತನೂ ಕೇಳಿರಲಿಲ್ಲ, ಹೆಂಡತಿಯೂ ಕೇಳಿರಲಿಲ್ಲ, ರೈಲಿನಲ್ಲಿ ಕೇಳಿದವರಿಗೆ ಅವನು ಬ್ಯಾಂಕು ಅಂದಿದ್ದ. ಚಾಪೆಯ ಅಂಚಿನಿಂದ ಮುರುಮಿನ ಹರಳುಗಳನ್ನು ಆರಿಸಿಕೊಂಡ. ನೆಲ ಸವರಿ ಒಂದು ಗೆರೆ ಎಳೆದು, “ಇದು ಗೋಲು ಅಂತ ತಿಳ್ಕೋ,” ಅಂದ. ಒಂದೊಂದೇ ಹರಳು ಇಟ್ಟ. “ಇದು ಆ ಹೈದರಾಬಾದಿನಾಂವ. ಚೆಂಡು ಇವನ ಹತ್ರ ಅದ. ಇವ ಯಾವ ಕಾಲಿಲೆ ಒದೀತಾನ ಅನ್ನದು ಮೊದ್ಲು ನೋಡಬೇಕು. ಬಲಗಾಲು. ಅಂದ್ರ ಅಂವ ಹೀಂಗ ತಿರಗತಾನ. ತಿರಗಿದ್ರ ಚೆಂಡು ಎಲ್ಲಿ ಹೋಗಬೇಕು, ಹೇಳು?”

ಅವಳು ಮುಂದೆ ಬಗ್ಗಿ, ಬಾಳೆಯ ಕಲೆ ಕೂತ ಬೆರಳನ್ನು ನೆಲದ ಮೇಲೆ ಎಳೆದು, “ಇಲ್ಲಿ?” ಅಂದಳು.

“ಅಲ್ಲೇ. ಅಂವ ತಿರಗೂಕ್ಕಿಂತ ಮೊದ್ಲು ನಾ ಅಲ್ಲಿ ಹೋಗಿ ನಿಂದರತೀನಿ.”

ಸುತ್ತಲಿನ ಹೆಂಗಸರೆಲ್ಲ ಒಮ್ಮೆಗೆ ಎದ್ದರು. ಇಡೀ ಮೈದಾನ ಹೋ ಎಂದಿತು. ಮೈಕಿನಲ್ಲಿ ಸೂರ್ಯಕಾಂತನ ದನಿ ಒಡೆದು ಹೋಯಿತು. ಗೌತಮಿ ಚಪ್ಪಾಳೆ ಹೊಡೆಯುತ್ತ, “ಅತ್ತಿ, ಸುಧಾಕರ ಹೊಡದ, ಗೋಲು ಆತು,” ಎಂದು ಅವಳ ಭುಜ ಅಲ್ಲಾಡಿಸಿದಳು.

“ಆಗ್ಲಿ ತಗೋ, ಛಲೋ ಆತು,” ಅಂದಳು ರಮಾಬಾಯಿ, ತಲೆ ಎತ್ತದೆ. ಎದ್ದವರ ಕಾಲಿಗೆ ಹರಳು ಚೆಲ್ಲಾಪಿಲ್ಲಿ ಆಗದಂತೆ ಒಂದು ಕೈ ಅಡ್ಡ ಇಟ್ಟುಕೊಂಡಿದ್ದಳು. ಇನ್ನೊಂದು ಕೈಯಿಂದ, ಗೋಲಿನ ಗೆರೆಯ ಮುಂದೆ ಒಂಟಿಯಾಗಿ ಉಳಿದ ಹರಳನ್ನು ಮುಟ್ಟಿ, “ಇದು ಯಾರು?” ಎಂದು ಕೇಳಿದಳು.

“ಅದು ನಾನವ್ವ.”

“ಇಷ್ಟ್ ಹಿಂದ್ಯಾಕ ನಿಂತೀದಿ?” ಅಂದಳು.

ಅವನು ಇನ್ನೂ ಎರಡು ಹರಳು ಎತ್ತಿಕೊಂಡು ಹತ್ತಿರ ಸರಿದು ಕೂತ.